ತಂತ್ರಾಂಶೋದ್ಯಮಕ್ಕೆ ಬಗೆಬಗೆಯ ಜನ ಬೇಕೆ?

ನಾನು ವಾಸವಾಗಿರುವುದು ವಿಜಯನಗರಕ್ಕೆ ಸೇರಿದಂತಿರುವ ಆರ್‌ಪಿಸಿ ಲೇಔಟಿನಲ್ಲಿ. ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಲೆಂದು ನಾಡಿನ ನಾನಾ ಜಿಲ್ಲೆಗಳಿಂದ ಬಂದ ತರುಣ ತರುಣಿಯರು ವಿಜಯನಗರ, ಅತ್ತಿಗುಪ್ಪೆ, ಚಂದ್ರಾ ಲೇಔಟುಗಳ ಆಸುಪಾಸಿನಲ್ಲಿ ಕೊಠಡಿ ಹಿಡಿದು ನೆಲೆಸಿರುವುದು ವಾಚಕರಿಗೆ ತಿಳಿದೇ ಇದೆ. ಹಾಗೆ ಬಂದವರಲ್ಲಿ ಗದಗ ಜಿಲ್ಲೆಯ ಗೆಳೆಯನೊಬ್ಬ ನನ್ನ ಕೊಠಡಿಯ ಜೊತೆಗಾರ. ನಾನು ನಾಗಮಂಗಲದ ಕಡೆಯವನು. ಈ ಲೇಖನಕ್ಕೆ ಕಾರಣವಾದುದು ನಮ್ಮಿಬ್ಬರ ನಡುವೆ ನಡೆದ ಒಂದು ಸಣ್ಣ ಪ್ರಸಂಗ.

ಕಳೆದ ವರ್ಷ ಒಂದು ಖಾಸಗಿ ಸಂಸ್ಥೆಯವರು, ಗಣಕಯಂತ್ರಕ್ಕೆ ಕನ್ನಡದ ಮಾತನ್ನು ಕಲಿಸುವ ಕೆಲಸಕ್ಕೆ ಕನ್ನಡ ಬಲ್ಲವರು ಬೇಕಾಗಿದ್ದಾರೆಂದೂ ಯಾವ ಪದವಿಯವರಾದರೂ ಆಗಬಹುದೆಂದೂ ಪ್ರಕಟಿಸಿದರು. ಕಲಾ ವಿಭಾಗದ ನಮ್ಮಂಥವರಿಗೆ ಇಂಥ ಬಾಗಿಲು ತೆರೆಯುವುದೇ ಅಪರೂಪ. ಇಬ್ಬರೂ ಉತ್ಸಾಹದಿಂದ ಅರ್ಜಿ ತುಂಬಲು ಕುಳಿತೆವು. ಅರ್ಜಿಯಲ್ಲಿ ‘ಮೊದಲ ಹೆಸರು’, ‘ಕೊನೆಯ ಹೆಸರು’ ಎಂದು ಎರಡು ಮನೆಗಳಿದ್ದುವು. ನನಗೆ ಕೊನೆಯ ಹೆಸರೆಂಬುದು ಇಲ್ಲ. ಹೆಸರಿಗೆ ಮುಂಚೆ ಊರಿನದೊಂದು ಅಕ್ಷರ, ತಂದೆಯವರದೊಂದು ಅಕ್ಷರ ಇವೆ, ಅಷ್ಟೆ. ಹಳೆಯ ಮೈಸೂರಿನ ಕಡೆ ಬಹುಮಂದಿಯ ಹೆಸರುಗಳು ಇರುವುದು ಹೀಗೆಯೇ. ಕೊನೆಯ ಹೆಸರಿನ ಮನೆಯನ್ನು ಬರಿದಾಗಿ ಬಿಟ್ಟೆ. ಅರ್ಜಿ ಮುಂದಕ್ಕೆ ಹೋಗಲಿಲ್ಲ. ಒಂದು ಅಕ್ಷರ ಬರೆದೆ. ಕನಿಷ್ಠ ಎರಡು ಅಕ್ಷರಗಳಿರಬೇಕೆಂದು ಕೆಂಪು ಮಸಿಯಲ್ಲಿ ಉತ್ತರ ಬಂದಿತು. ಬೇರೆ ದಾರಿ ಕಾಣದೆ ‘ನಾಗಮಂಗಲ’ ಎಂದು ತುಂಬಿಸಿದೆ. ಆ ಕ್ಷಣವೇ ಅರ್ಜಿ ತಲುಪಿತೆಂಬ ಪತ್ರ ಬಂದಿತು: “ಪ್ರಿಯ ನಾಗಮಂಗಲ ಅವರೇ.”

ನನ್ನ ಗೆಳೆಯನಿಗೆ ಅಡ್ಡಹೆಸರು ಉಂಟು. ಅವನ ಅರ್ಜಿ ಒಂದೇ ಸಲಕ್ಕೆ ಹೋಯಿತು. “ಇದರಾಗ ಏನ್ ತ್ರಾಸ ಐತೋ? ನಂದು ಸಲೀಸ ಹೋತಲ್ಲ!” ಎಂದು ಅವನು ನಕ್ಕ. ಅವನ ನಗುವಿನಲ್ಲಿ ಕುಹಕವಿರಲಿಲ್ಲ. ಆ ಅರ್ಜಿಯಲ್ಲಿ ತೊಡಕೊಂದು ಇದೆಯೆಂಬುದೇ ಅವನ ಕಣ್ಣಿಗೆ ಬಿದ್ದಿರಲಿಲ್ಲ.

ಆದರೆ ಅವನ ಸರದಿ ಬರುವುದಕ್ಕೆ ಬಹಳ ಕಾಲ ಹಿಡಿಯಲಿಲ್ಲ. ಅಂದು ರಾತ್ರಿ ಮೊಬೈಲಿಗೆ ಬಾಯಿಮಾತಿನಲ್ಲಿ ಹೇಳಿ, ತಾಯಿಗೆ ಎರಡು ಸಾಲು ಬರೆಸಲು ಅವನು ತೊಡಗಿದ. “ಯವ್ವಾ, ನಾಳೆ ಊರಿಗೆ ಬರಾಕತ್ತೀನಿ” ಎಂದು ಮೂರು ಬಾರಿ ಹೇಳಿದ. ಮೂರು ಬಾರಿಯೂ ಅರ್ಥವಿಲ್ಲದ ಏನೋ ಒಂದು ಬರಹ ಮೂಡಿತು. ಕಡೆಗೆ ಬೇಸತ್ತು, ಆಕಾಶವಾಣಿಯ ವಾರ್ತೆ ಓದುವವರ ಧಾಟಿಯಲ್ಲಿ, “ಅಮ್ಮಾ, ನಾಳೆ ಊರಿಗೆ ಬರುತ್ತಿದ್ದೇನೆ” ಎಂದ. ಈಗ ಸರಿಯಾಗಿ ಮೂಡಿತು. ನನಗೆ ಆ ಯಂತ್ರದಿಂದ ಎಂದೂ ಇಷ್ಟು ಕಷ್ಟವಾಗಿರಲಿಲ್ಲ. ಈ ಸಲ ನಗುವ ಸರದಿ ನನ್ನದು. ನನಗೂ ಅದುವರೆಗೆ ಅಲ್ಲಿ ತೊಡಕಿದೆಯೆಂದು ತಿಳಿದಿರಲಿಲ್ಲ.

ತಂತ್ರಾಂಶೋದ್ಯಮದಲ್ಲಿ, ಅಂದರೆ ಸಾಫ್ಟ್‌ವೇರ್ ಕ್ಷೇತ್ರದಲ್ಲಿ, ಬಗೆಬಗೆಯ ಜನ ಕೆಲಸಕ್ಕಿರಬೇಕೆ ಎಂಬ ಪ್ರಶ್ನೆಯನ್ನು ಇಂದು ಎಲ್ಲೆಲ್ಲಿಯೂ ಕೇಳುತ್ತಿದ್ದಾರೆ. ಹೆಂಗಸರು, ಹಳ್ಳಿಯವರು, ಹಿಂದುಳಿದ ಮತ್ತು ದಲಿತ ಸಮಾಜಗಳವರು, ಅಂಗವಿಕಲರು, ಬೇರೆ ಬೇರೆ ಭಾಷೆ ಹಾಗೂ ಸೀಮೆಗಳವರು, ಇವರೆಲ್ಲರೂ ಅಲ್ಲಿರುವುದು ಬರಿಯ ಶೋಭೆಗೋ, ಇಲ್ಲ ಕೆಲಸಕ್ಕೂ ಅದರಿಂದ ಪ್ರಯೋಜನವುಂಟೋ? ಈ ಪ್ರಶ್ನೆಗೆ ಉತ್ತರವನ್ನು ಮೇಲಿನ ಎರಡು ಪ್ರಸಂಗಗಳಿಂದಲೇ ಹುಡುಕಬಹುದೆಂದು ನನಗೆ ತೋರುತ್ತದೆ.

ಮೊದಲು ತಂತ್ರಾಂಶವೆಂದರೇನೆಂದು ನೋಡೋಣ. ಅದು ಯಂತ್ರಕ್ಕೆ ಮೊದಲೇ ಬರೆದಿಟ್ಟ ಅಪ್ಪಣೆಗಳ ಸರಣಿ. ಕಚೇರಿಯ ಗುಮಾಸ್ತರ ಮುಂದೆ ನಾನು ನಿಂತಿದ್ದರೆ, “ಸ್ವಾಮಿ, ನನಗೆ ಅಡ್ಡಹೆಸರಿಲ್ಲ” ಎಂದು ಹೇಳಬಹುದಾಗಿತ್ತು. ಅವರು ಒಂದು ಗೆರೆ ಎಳೆದು ಮುಂದಕ್ಕೆ ಹೋಗುತ್ತಿದ್ದರು. ಯಂತ್ರಕ್ಕೆ ಆ ವಿವೇಚನೆ ಇಲ್ಲ. ಆದುದರಿಂದ ಜನರಲ್ಲಿ ಎಷ್ಟು ಬಗೆಯುಂಟು, ಯಾರಿಗೆ ಏನು ಬೇಕಾದೀತು ಎಂಬುದನ್ನೆಲ್ಲ ಬರೆಯುವವನು ಮುಂಚೆಯೇ ಊಹಿಸಿರಬೇಕು. ಊಹೆಯಾದರೋ ಕಂಡು ಕೇಳಿದ್ದರ ಮೇಲೆಯೇ ನಿಲ್ಲತಕ್ಕುದು. ಎಲ್ಲರಿಗೂ ಮನೆತನದ ಹೆಸರಿರುವ ನಾಡಿನಲ್ಲಿ ಕುಳಿತು ಅರ್ಜಿಯನ್ನು ರಚಿಸಿದವನಿಗೆ ನಾಗಮಂಗಲದವನ ನೆನಪು ಬರುವುದಾದರೂ ಹೇಗೆ? ಅವನದು ದುರುದ್ದೇಶವಲ್ಲ, ತಿಳಿಯದಿರುವಿಕೆ. ಆದರೆ ಗುಮಾಸ್ತರ ತಪ್ಪು ಒಬ್ಬನಿಗೆ ತಟ್ಟಿದರೆ, ತಂತ್ರಾಂಶದ ತಪ್ಪು ಲಕ್ಷಾಂತರ ಜನಕ್ಕೆ ಒಂದೇ ಗಳಿಗೆಯಲ್ಲಿ ತಟ್ಟುತ್ತದೆ.

ಇದಕ್ಕೆ ನಮ್ಮ ಲಿಪಿಯ ಚರಿತ್ರೆಯೇ ಒಳ್ಳೆಯ ನಿದರ್ಶನ. ಗಣಕಯಂತ್ರದ ಕೀಲಿಮಣೆ ಇಂಗ್ಲಿಷಿನ 26 ಅಕ್ಷರಗಳಿಗೆ ಹೊಂದಿಕೊಂಡು ಬಂದದ್ದು. ನಮ್ಮದೋ ಸ್ವರ, ವ್ಯಂಜನ, ಗುಣಿತ, ಒತ್ತಕ್ಷರಗಳ ದೊಡ್ಡ ಸಂಸಾರ. ಪ್ರತಿಯೊಂದು ಆಕಾರಕ್ಕೂ ಒಂದೊಂದು ಕೀಲಿ ಬೇಕೆಂದು ಹೊರಟರೆ ಕೆಲಸ ಕೆಡುತ್ತದೆ. ಮುದ್ರಣವನ್ನೂ ಅಕ್ಷರ ವಿನ್ಯಾಸವನ್ನೂ ಬಲ್ಲ ಕೆ. ಪಿ. ರಾಯರು ಇದನ್ನು ಬೇರೆ ರೀತಿಯಲ್ಲಿ ನೋಡಿದರು. ಕನ್ನಡದ ಬರಹ ಆಕಾರಗಳ ರಾಶಿಯಲ್ಲ, ಉಚ್ಚಾರದ ಕ್ರಮ ಎಂಬುದು ಅವರ ನೆಲೆಗಟ್ಟು. ಬಾಯಲ್ಲಿ ನುಡಿಯುವ ಕ್ರಮದಲ್ಲಿ ಕೀಲಿಗಳನ್ನು ಒತ್ತುತ್ತ ಹೋದರೆ ಒತ್ತು, ಗುಣಿತಗಳನ್ನು ಯಂತ್ರವೇ ಕೂಡಿಸಿಕೊಳ್ಳುತ್ತದೆ. ಅವರ ಕೀಲಿಮಣೆಯನ್ನೇ ಮುಂದೆ ಕರ್ನಾಟಕ ಸರ್ಕಾರ ಅಂಗೀಕರಿಸಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ಯಲ್ಲಿ ನಾವು ಬಳಸುವುದೂ ಅದನ್ನೇ. 1998ರಲ್ಲಿ ಅಮೆರಿಕದಲ್ಲಿದ್ದ ಕನ್ನಡಿಗ ಶೇಷಾದ್ರಿವಾಸು ಅವರು ‘ಬರಹ’ವನ್ನು ಹೊರತಂದು, ಮನೆಮನೆಯ ಗಣಕಯಂತ್ರದಲ್ಲಿ ಕನ್ನಡ ಬರೆಯುವಂತೆ ಮಾಡಿದರು. ಕನ್ನಡದಲ್ಲಿ ಓದಿ, ಬರೆದು, ಅದರ ಗಂಟುಗಳನ್ನು ಕೈಯಾರೆ ಬಿಡಿಸಿದವರು ತಂತ್ರಜ್ಞರ ಸಾಲಿನಲ್ಲಿಯೂ ಇದ್ದುದರಿಂದ ಇದು ಸಾಧ್ಯವಾಯಿತು.

ಇನ್ನೊಂದು ಸೂಕ್ಷ್ಮವನ್ನೂ ಹೇಳಬೇಕು. ಜಗತ್ತಿನ ಲಿಪಿಗಳಿಗೆಲ್ಲ ಸಂಖ್ಯೆ ಕೊಡುವ ಯೂನಿಕೋಡ್ ಪದ್ಧತಿಯಲ್ಲಿ, 1991ರ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ದೊರೆಯಿತು. ಆದರೆ ‘ಸೂರ್ಯ’ ಎಂಬಲ್ಲಿಯ ರಕಾರವನ್ನೂ ‘ರ‍್ಯಾಂಕ್’ ಎಂಬಲ್ಲಿಯ ರಕಾರವನ್ನೂ ನೋಡಿ. ಎರಡರಲ್ಲಿಯೂ ರಕಾರದ ಮೇಲೆ ಯಕಾರ ಬಂದಿದೆ. ಮೊದಲನೆಯದರಲ್ಲಿ ರಕಾರವು ಅರ್ಕಾವೊತ್ತಾಗಿ ಹಿಂದಕ್ಕೆ ಸರಿಯುತ್ತದೆ. ಎರಡನೆಯದರಲ್ಲಿ ಸ್ವಸ್ಥಾನದಲ್ಲಿಯೇ ನಿಲ್ಲುತ್ತದೆ. ಯಂತ್ರಕ್ಕೆ ಈ ಭೇದವನ್ನು ತಿಳಿಸಲು, ನಡುವೆ ಕಣ್ಣಿಗೆ ಕಾಣದ ಒಂದು ಸಂಜ್ಞೆಯನ್ನು ಇಡಬೇಕಾಗುತ್ತದೆ. ಅದನ್ನು ಮರೆತ ತಂತ್ರಾಂಶದಲ್ಲಿ ‘ರ‍್ಯಾಂಕ್’ ವಿಕಾರವಾಗಿ ಮೂಡುತ್ತದೆ. ಕನ್ನಡ ಓದುವವನಿಗೆ ಈ ತಪ್ಪು ಕಾಣುವುದಕ್ಕೆ ಒಂದು ನೋಟ ಸಾಕು. ಕನ್ನಡ ಬಾರದ ನೂರು ಮಂದಿ ನಿಪುಣರು ಕೂಡಿ ಪರೀಕ್ಷಿಸಿದರೂ ಅದು ಕಾಣುವಂತಿಲ್ಲ.

ಭಾಷೆಯ ಮಾತು ಹೀಗಾದರೆ, ಹೆಂಗಸರ ವಿಷಯವೇನು? ಗಣಕಯಂತ್ರದ ಕೆಲಸ ಮೊದಲಿನಿಂದಲೂ ಗಂಡಸರದೆಂದು ಬಹುಮಂದಿ ತಿಳಿದಿದ್ದಾರೆ. ಚರಿತ್ರೆ ಹಾಗೆ ಹೇಳುವುದಿಲ್ಲ. 1946ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಪ್ರದರ್ಶಿತವಾದ ‘ಎನಿಯಾಕ್’ ಎಂಬ ಮಹಾಯಂತ್ರಕ್ಕೆ ಲೆಕ್ಕದ ಕ್ರಮಗಳನ್ನು ಹೊಂದಿಸಿಕೊಟ್ಟವರು ಆರು ಮಂದಿ ಮಹಿಳೆಯರು. ಯಂತ್ರವನ್ನು ಕಟ್ಟುವುದು ಹಿರಿಯ ಕೆಲಸ, ಅದಕ್ಕೆ ಅಪ್ಪಣೆ ಬರೆಯುವುದು ಗುಮಾಸ್ತಿಕೆ ಎಂದು ಆಗ ಎಣಿಸಿದ್ದರು. ಆ ಕೆಲಸಕ್ಕೆ ಗೌರವವೂ ಸಂಬಳವೂ ಹೆಚ್ಚಿದಂತೆ ಅದು ಗಂಡಸರ ಕೈಗೆ ಹೋಯಿತು.

ನಮ್ಮ ನಾಡಿನಲ್ಲಿಯೂ ಇಂಥ ಕಥೆಗಳಿಗೆ ಕೊರತೆಯಿಲ್ಲ. ಸುಧಾ ಮೂರ್ತಿಯವರು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವಾಗ ಕಾಲೇಜಿನಲ್ಲಿ ಹೆಣ್ಣುಮಕ್ಕಳಿಗೆ ಶೌಚಗೃಹವೇ ಇರಲಿಲ್ಲವೆಂದು ಅವರೇ ಹೇಳಿಕೊಂಡಿದ್ದಾರೆ. ಆ ಕಟ್ಟಡವನ್ನು ಕಟ್ಟಿದವರಿಗೆ ಹೆಣ್ಣುಮಕ್ಕಳ ಮೇಲೆ ಹಗೆ ಇದ್ದಿತೆಂದು ಯಾರೂ ಹೇಳಲಾರರು. ಅವರು ಬಂದಾರೆಂಬ ಕಲ್ಪನೆಯೇ ಇರಲಿಲ್ಲ. ನನ್ನ ಅರ್ಜಿಯಲ್ಲಿ ಇಲ್ಲದಿದ್ದ ಮನೆಗೂ ಆ ಕಟ್ಟಡದಲ್ಲಿ ಇಲ್ಲದಿದ್ದ ಕೋಣೆಗೂ ಮೂಲ ಒಂದೇ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಣಕ ವಿಜ್ಞಾನವನ್ನು ಓದುತ್ತಿದ್ದಾಗ, 1974ರಲ್ಲಿ, ಟೆಲ್ಕೊ ಕಾರ್ಖಾನೆಯ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲವೆಂಬ ಮಾತನ್ನು ಕಂಡು, ಜೆ. ಆರ್. ಡಿ. ಟಾಟಾ ಅವರಿಗೆ ಒಂದು ಅಂಚೆಕಾರ್ಡು ಬರೆದರು. ಸಂದರ್ಶನಕ್ಕೆ ಕರೆ ಬಂದಿತು, ಕೆಲಸವೂ ದೊರೆಯಿತು. ಒಂದು ಕಾರ್ಡಿನಿಂದ ತೆರೆಯಬಹುದಾಗಿದ್ದ ಬಾಗಿಲನ್ನು ಅದುವರೆಗೆ ಯೋಗ್ಯತೆಯ ಕೊರತೆಯೇನೂ ಮುಚ್ಚಿರಲಿಲ್ಲವೆಂದಾಯಿತು.

2023ರಲ್ಲಿ ಭಾರತದ ತಂತ್ರಾಂಶೋದ್ಯಮದಲ್ಲಿ ದುಡಿಯುತ್ತಿದ್ದ ಸುಮಾರು 54 ಲಕ್ಷ ಜನರಲ್ಲಿ ಶೇಕಡ 36ರಷ್ಟು ಮಂದಿ ಹೆಂಗಸರೆಂದು ಆ ಉದ್ಯಮದ ಸಂಘವಾದ ನಾಸ್ಕಾಂ ಲೆಕ್ಕ ಕೊಟ್ಟಿತ್ತು. ಉಳಿದ ಅನೇಕ ಉದ್ಯಮಗಳಿಗೆ ಹೋಲಿಸಿದರೆ ಇದು ಮೆಚ್ಚತಕ್ಕ ಸಂಗತಿ. ಆದರೆ ಮೇಲಿನ ಹುದ್ದೆಗಳಿಗೆ ಏರುತ್ತ ಹೋದಂತೆ ಅವರ ಪಾಲು ಇಳಿಯುತ್ತ ಹೋಗುತ್ತದೆ. ಏನನ್ನು ತಯಾರಿಸಬೇಕೆಂದು ನಿರ್ಣಯಿಸುವ ಮೇಜಿನ ಸುತ್ತ ಹೆಂಗಸರು ವಿರಳವಾದರೆ ಏನಾದೀತೆಂಬುದಕ್ಕೆ ಒಂದು ಉದಾಹರಣೆ ಸಾಕು. 2014ರಲ್ಲಿ ಆಪಲ್ ಕಂಪನಿ ದೇಹಾರೋಗ್ಯದ ಲೆಕ್ಕವಿಡುವ ತಂತ್ರಾಂಶವೊಂದನ್ನು ಹೊರತಂದಿತು. ರಕ್ತದೊತ್ತಡದಿಂದ ಹಿಡಿದು ಊಟದಲ್ಲಿಯ ಲವಣಾಂಶಗಳವರೆಗೆ ನಾನಾ ಲೆಕ್ಕಗಳಿಗೆ ಅಲ್ಲಿ ಸ್ಥಳವಿದ್ದಿತು. ಹೆಂಗಸರ ತಿಂಗಳ ಮುಟ್ಟಿನ ಲೆಕ್ಕಕ್ಕೆ ಮಾತ್ರ ಸ್ಥಳವಿರಲಿಲ್ಲ. ಮರುವರ್ಷ ಸೇರಿಸಿದರು. ಬಳಸುವವರಲ್ಲಿ ಅರ್ಧ ಜನಕ್ಕೆ ಬೇಕಾದುದು ಬುದ್ಧಿವಂತರ ಕಣ್ಣಿಗೂ ಬೀಳದೆ ಹೋಗಬಹುದು.

ಈಚಿನ ಯಂತ್ರಗಳಲ್ಲಿ ಈ ಪ್ರಶ್ನೆ ಇನ್ನೂ ಗಹನವಾಗಿದೆ. ಅವುಗಳಿಗೆ ಪ್ರತಿಯೊಂದು ಅಪ್ಪಣೆಯನ್ನೂ ಮನುಷ್ಯರು ಬರೆಯುವುದಿಲ್ಲ. ರಾಶಿ ರಾಶಿ ಉದಾಹರಣೆಗಳನ್ನು ತೋರಿಸುತ್ತಾರೆ, ಯಂತ್ರ ಅವುಗಳಿಂದ ಕಲಿಯುತ್ತದೆ. ಉಣಿಸಿದ್ದು ಏಕರೀತಿಯದಾದರೆ ಕಲಿತದ್ದೂ ಏಕರೀತಿಯದೇ. ಅಮೆರಿಕದಲ್ಲಿ ಸಂಶೋಧನೆ ನಡೆಸುತ್ತಿದ್ದ ಜಾಯ್ ಬುವೊಲಮ್ವಿನಿ ಎಂಬ ಕಪ್ಪು ಮಹಿಳೆಯ ಮುಖವನ್ನು, ಮುಖ ಗುರುತಿಸುವ ತಂತ್ರಾಂಶವೊಂದು ಗುರುತಿಸಲಿಲ್ಲ. ಬಿಳಿಯ ಮುಖವಾಡ ಹಾಕಿಕೊಂಡಾಗ ಗುರುತಿಸಿತು. ಅವರು ಟಿಮ್ನಿಟ್ ಗೆಬ್ರು ಅವರೊಡನೆ ಸೇರಿ, ಮುಖ ನೋಡಿ ಗಂಡೋ ಹೆಣ್ಣೋ ಎಂದು ಹೇಳುವ ಮೂರು ತಂತ್ರಾಂಶಗಳನ್ನು ಪರೀಕ್ಷಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಳಿಯ ಗಂಡಸರ ವಿಷಯದಲ್ಲಿ ತಪ್ಪು ಶೇಕಡ 0.8ನ್ನು ಮೀರಲಿಲ್ಲ; ಕಪ್ಪು ಹೆಂಗಸರ ವಿಷಯದಲ್ಲಿ ಶೇಕಡ 34.7ರವರೆಗೆ ಹೋಯಿತು. ತಯಾರಿಸಿದವರು ಈ ಲೆಕ್ಕವನ್ನು ಬಿಡಿಸಿ ನೋಡಬಹುದಾಗಿತ್ತು. ನೋಡಬೇಕೆಂದು ಹೊಳೆದದ್ದು ಪೆಟ್ಟು ತಿಂದವರಿಗೆ. ಗದಗಿನ ನನ್ನ ಗೆಳೆಯನ ಕನ್ನಡಕ್ಕೂ ಆ ಮಹಿಳೆಯ ಮುಖಕ್ಕೂ ಆದುದು ಒಂದೇ ಬಗೆಯ ಅನ್ಯಾಯವಲ್ಲವೆ?

ಕಷ್ಟವನ್ನು ಬಲ್ಲವನೇ ಕೆಲಸಗಾರನಾದರೆ ಏನಾಗುತ್ತದೆಂಬುದಕ್ಕೂ ಉದಾಹರಣೆ ಉಂಟು. ಕುರುಡರು ಗಣಕಯಂತ್ರವನ್ನು ಬಳಸಲು ಪರದೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದುವ ತಂತ್ರಾಂಶ ಬೇಕು. ಅದರ ಬೆಲೆ ಬಡವರ ಕೈಗೆಟುಕದಷ್ಟು ಇದ್ದಿತು. 2006ರಲ್ಲಿ ಆಸ್ಟ್ರೇಲಿಯದ ಮೈಕೇಲ್ ಕರನ್ ಎಂಬ ಅಂಧ ತರುಣ ಇಂಥದೊಂದನ್ನು ರಚಿಸಲು ತೊಡಗಿದ. ಅಂಧನೇ ಆದ ಗೆಳೆಯ ಜೇಮ್ಸ್ ಟೇ ಜೊತೆಗೂಡಿದ. ‘ಎನ್‌ವಿಡಿಎ’ ಎಂಬ ಆ ತಂತ್ರಾಂಶ ಇಂದಿಗೂ ಉಚಿತವಾಗಿ ದೊರೆಯುತ್ತದೆ, ಕನ್ನಡವನ್ನೂ ಓದಬಲ್ಲುದು.

ಇಷ್ಟಾದ ಮೇಲೆ ಆಕ್ಷೇಪಣೆಗಳನ್ನೂ ಪರಿಶೀಲಿಸುವುದು ನ್ಯಾಯ. ನಮ್ಮ ಅಧ್ಯಾಪಕರೊಬ್ಬರು ಈ ವಿಷಯ ಬಂದಾಗ, “ಕೆಲಸಕ್ಕೆ ಬೇಕಾದುದು ಯೋಗ್ಯತೆ, ಉಳಿದುದೆಲ್ಲ ಆಮೇಲೆ” ಎಂದರು. ಮಾತು ನಿಜ. ಸೇತುವೆ ಕಟ್ಟುವವನಿಗೆ ಲೆಕ್ಕ ಬಾರದಿದ್ದರೆ ಅವನು ಯಾವ ಊರಿನವನಾದರೇನು? ಆದರೆ ಯೋಗ್ಯತೆಯನ್ನು ಅಳೆಯುವ ಕೋಲು ಯಾವುದು? ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ಕ್ಯಾರಲ್ ಉಪಾಧ್ಯ ಮತ್ತು ಎ. ಆರ್. ವಾಸವಿ ಅವರು 2006ರಲ್ಲಿ ಮುಗಿಸಿದ ಅಧ್ಯಯನದಲ್ಲಿ, ಈ ಉದ್ಯಮದ ನೌಕರರಲ್ಲಿ ಬಹುಪಾಲು ನಗರದ, ಮಧ್ಯಮ ವರ್ಗದ, ಮೇಲಿನ ಜಾತಿಗಳ ಮನೆಗಳಿಂದ ಬಂದವರೆಂದು ಕಂಡುಬಂದಿತು. ಸಂದರ್ಶನದಲ್ಲಿ ನೋಡುತ್ತಿದ್ದುದು ಲೆಕ್ಕವನ್ನಷ್ಟೇ ಅಲ್ಲ. ಇಂಗ್ಲಿಷಿನ ಸರಾಗ, ನಡೆನುಡಿಯ ಠೀವಿ ಇವನ್ನೂ ನೋಡುತ್ತಿದ್ದರು. ಠೀವಿ ಮನೆಯಿಂದ ಬರುವ ಆಸ್ತಿ. ಅದನ್ನು ಯೋಗ್ಯತೆಯ ಲೆಕ್ಕದಲ್ಲಿ ಸೇರಿಸಿಕೊಂಡು, ‘ನಾವು ಯೋಗ್ಯತೆಯನ್ನೇ ನೋಡುತ್ತೇವೆ’ ಎಂದರೆ ಆ ಮಾತು ಪೂರ್ಣ ಸತ್ಯವಾಗದು.

ಎರಡನೆಯದು ಲಾಭದ ಮಾತು. ಬಗೆಬಗೆಯ ಜನರಿರುವ ಕಂಪನಿಗಳಿಗೆ ಲಾಭ ಹೆಚ್ಚೆಂದು ಮೆಕಿನ್ಸಿ ಎಂಬ ಸಲಹಾ ಸಂಸ್ಥೆ 2015ರಿಂದ ವರದಿಗಳನ್ನು ಪ್ರಕಟಿಸಿದೆ. 2024ರಲ್ಲಿ ಅಮೆರಿಕದ ಇಬ್ಬರು ಪ್ರಾಧ್ಯಾಪಕರು ಅಲ್ಲಿಯ ದೊಡ್ಡ ಕಂಪನಿಗಳ ಅಂಕಿಅಂಶಗಳನ್ನು ತಾವೇ ಲೆಕ್ಕ ಹಾಕಿ, ಅಂಥ ಸಂಬಂಧ ತಮಗೆ ಕಾಣಲಿಲ್ಲವೆಂದು ಬರೆದರು. ಸಂಬಂಧ ಕಂಡರೂ ಬೇರೊಂದು ಸಂದೇಹ ಉಳಿಯುತ್ತದೆ: ಬಗೆಬಗೆಯ ಜನರಿಂದ ಲಾಭ ಬಂದಿತೋ, ಲಾಭವಿದ್ದ ಕಂಪನಿ ಬಗೆಬಗೆಯ ಜನರನ್ನು ತೆಗೆದುಕೊಂಡಿತೋ? ಆದುದರಿಂದ ಲಾಭದ ಕಂಬಕ್ಕೆ ಈ ವಾದವನ್ನು ಕಟ್ಟುವುದು ಜಾಣತನವಲ್ಲ. ವಾದ ನಿಲ್ಲಬೇಕಾದುದು ಕೆಲಸದ ಗುಣದ ಮೇಲೆ; ಎಲ್ಲರೂ ಬಳಸುವ ವಸ್ತು ಎಲ್ಲರಿಗೂ ಸರಿಯಾಗಿ ಕೆಲಸ ಮಾಡುತ್ತದೆಯೇ ಎಂಬುದರ ಮೇಲೆ.

ಮೂರನೆಯ ಪ್ರಶ್ನೆ ನಮ್ಮ ನಾಡಿಗೆ ವಿಶೇಷವಾಗಿ ಸಂಬಂಧಿಸಿದ್ದು. 2024ರ ಜುಲೈಯಲ್ಲಿ ರಾಜ್ಯದ ಮಂತ್ರಿಮಂಡಲವು, ಖಾಸಗಿ ಉದ್ಯಮಗಳ ಆಡಳಿತದ ಹುದ್ದೆಗಳಲ್ಲಿ ಶೇಕಡ 50, ಉಳಿದ ಹುದ್ದೆಗಳಲ್ಲಿ ಶೇಕಡ 70 ಸ್ಥಳೀಯರಿಗೆ ಮೀಸಲೆಂಬ ಮಸೂದೆಗೆ ಒಪ್ಪಿಗೆಯಿತ್ತು, ಉದ್ಯಮಿಗಳ ವಿರೋಧ ಬಂದೊಡನೆ ಅದನ್ನು ತಡೆಹಿಡಿಯಿತು. ಕನ್ನಡಿಗರ ಉದ್ಯೋಗದ ಬೇಡಿಕೆ ಇಂದಿನದಲ್ಲ. 1983ರಲ್ಲಿಯೇ ಸರೋಜಿನಿ ಮಹಿಷಿಯವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಗಿತ್ತು. ಈ ಬೇಡಿಕೆಯ ಹಿಂದಿನ ನೋವು ನನಗೆ ಅರ್ಥವಾಗುತ್ತದೆ. ಆದರೆ ಕನ್ನಡಿಗರೆಂದರೆ ಒಂದೇ ಬಗೆಯವರಲ್ಲವೆಂಬುದನ್ನು ನಮ್ಮ ಕೊಠಡಿಯಲ್ಲೇ ಕಂಡೆನಷ್ಟೆ. ನನ್ನಂಥವರು ನೂರು ಮಂದಿ ಆ ಸಂಸ್ಥೆಯಲ್ಲಿದ್ದರೆ ಹೆಸರಿನ ಮನೆ ಸರಿಯಾದೀತು. ಗದಗಿನ ಮಾತು ಹಾಗೆಯೇ ಉಳಿದೀತು. ತಲೆಯೆಣಿಕೆ ಬಾಗಿಲನ್ನು ತೆರೆಯಬಹುದು. ಒಳಗೆ ಹೋದವರ ಮಾತನ್ನು ಕೇಳುವುದು ಬೇರೆಯೇ ಒಂದು ಅಭ್ಯಾಸ. ಹಾಗೆಂದು, ಬಾಗಿಲೇ ತೆರೆಯದಿದ್ದಲ್ಲಿ ಕೇಳುವ ಪ್ರಶ್ನೆಯೇ ಬರುವುದಿಲ್ಲ.

ಒಂದೇ ಬಗೆಯ ಜನ ಕೂಡ ಜಾಗರೂಕತೆಯಿಂದ ವಿಚಾರಿಸಿ ಒಳ್ಳೆಯ ತಂತ್ರಾಂಶ ಮಾಡಲಾರರೆ ಎಂದು ಯಾರಾದರೂ ಕೇಳಬಹುದು. ಮಾಡಬಲ್ಲರು. ಆದರೆ ವಿಚಾರಿಸುವುದಕ್ಕೂ ಇಲ್ಲೊಂದು ವಿಚಾರಿಸತಕ್ಕ ಸಂಗತಿಯಿದೆಯೆಂದು ಮೊದಲು ಹೊಳೆಯಬೇಕು. ನನ್ನ ಗೆಳೆಯ ಒಳ್ಳೆಯವನು, ಬುದ್ಧಿವಂತ. ಆದರೂ ಅರ್ಜಿಯ ತೊಡಕು ಅವನಿಗೆ ಹೊಳೆಯಲಿಲ್ಲ. ನನಗೂ ಅವನ ಮೊಬೈಲಿನ ತೊಡಕು ಹೊಳೆಯಲಿಲ್ಲ. ಇಬ್ಬರೂ ಒಂದೇ ಕೊಠಡಿಯಲ್ಲಿದ್ದುದರಿಂದ ಇಬ್ಬರಿಗೂ ಎರಡೂ ತಿಳಿದುವು. ಬಗೆಬಗೆಯ ಜನ ಏಕೆ ಬೇಕೆಂಬುದಕ್ಕೆ ನನ್ನ ಉತ್ತರ ಇಷ್ಟೆ.

ಇದರಲ್ಲಿ ಕಲಾ ಕಾಲೇಜಿನವರಾದ ನಮಗೇನು ಪಾತ್ರ? ಭಾರತೀಯ ವಿಜ್ಞಾನ ಸಂಸ್ಥೆಯವರು 2022ರಲ್ಲಿ ಗೂಗಲ್ ಕಂಪನಿಯ ನೆರವಿನಿಂದ ‘ವಾಣಿ’ ಎಂಬ ಯೋಜನೆಯನ್ನು ಆರಂಭಿಸಿ, ದೇಶದ ಜಿಲ್ಲೆ ಜಿಲ್ಲೆಗಳಲ್ಲಿ ಜನ ನಿಜವಾಗಿ ಆಡುವ ಮಾತನ್ನು ಸಂಗ್ರಹಿಸಲು ತೊಡಗಿದ್ದಾರೆ. ಪುಸ್ತಕದ ಭಾಷೆಯನ್ನಷ್ಟೇ ಬಲ್ಲ ಯಂತ್ರ ಜನರಿಗೆ ಉಪಯೋಗಕ್ಕೆ ಬಾರದೆಂದು ತಂತ್ರಜ್ಞರಿಗೂ ಮನವರಿಕೆಯಾಗಿದೆ. ಕಲಬುರಗಿಯ ಮಾತು, ಕುಂದಾಪುರದ ಮಾತು, ಚಾಮರಾಜನಗರದ ಮಾತು, ಇವುಗಳ ಭೇದವನ್ನು ಬಲ್ಲವರು ಎಲ್ಲಿದ್ದಾರೆ? ನಮ್ಮ ತರಗತಿಗಳ ಬೆಂಚುಗಳ ಮೇಲೆಯೇ ಇದ್ದಾರೆ. ವ್ಯಾಕರಣ, ಭಾಷಾಶಾಸ್ತ್ರ, ಸಮಾಜಶಾಸ್ತ್ರಗಳು ಹೊಟ್ಟೆಗೆ ಹಿಟ್ಟು ಕೊಡಲಾರವೆಂದು ನಾವೇ ಕೀಳರಿಮೆಯಿಂದ ಕುಗ್ಗಿರುವಾಗ, ಅವೇ ಅಲ್ಲಿ ಬೇಕಾಗಿವೆ. 2023ರ ಅಕ್ಟೋಬರ್ 9ರಿಂದ ವಿಜಯನಗರದ ನಿಲ್ದಾಣದಲ್ಲಿ ಮೆಟ್ರೋ ಹತ್ತಿದವನು ಇಳಿಯದೆ ವೈಟ್‌ಫೀಲ್ಡ್ ಸೇರಬಹುದು. ದಾರಿಯೇನೋ ಸುಗಮವಾಗಿದೆ. ಆ ಬಾಗಿಲಿನ ಮುಂದೆ ನಿಂತಾಗ, ನಮ್ಮ ಊರಿನ ಮಾತನ್ನು ಬಚ್ಚಿಟ್ಟುಕೊಂಡು ಒಳಹೋಗುವುದೋ, ಅದೂ ಒಂದು ವಿದ್ಯೆಯೆಂದು ಕೈಯಲ್ಲಿ ಹಿಡಿದು ಹೋಗುವುದೋ ಎಂಬುದನ್ನು ನಾವು ನಿಶ್ಚಯಿಸಬೇಕು. ಹಾಗೆ ಹೋಗಬೇಕಾದರೆ ಗಣಕಯಂತ್ರದ ವಿದ್ಯೆಯನ್ನೂ ಒಂದಿಷ್ಟು ಕಲಿಯದೆ ತೀರದು. ಬರಿಯ ಅಭಿಮಾನಕ್ಕೆ ಯಾರೂ ಸಂಬಳ ಕೊಡುವುದಿಲ್ಲ.

ನಮ್ಮ ಅರ್ಜಿಗಳ ಗತಿಯೇನಾಯಿತೆಂದು ವಾಚಕರು ಕೇಳಬಹುದು. ಗೆಳೆಯನಿಗೆ ಆರು ತಿಂಗಳ ಕೆಲಸ ದೊರೆಯಿತು. ಉತ್ತರ ಕರ್ನಾಟಕದ ಮಾತನ್ನು ಯಂತ್ರ ತಪ್ಪಾಗಿ ಬರೆದಲ್ಲಿ ತಿದ್ದುವುದು ಅವನ ಪಾಲಿಗೆ ಬಂದಿತು. ‘ಬರಾಕತ್ತೀನಿ’ ಎಂಬುದನ್ನು ಎಷ್ಟು ಸಲ ತಿದ್ದಿದನೋ ಲೆಕ್ಕವಿಲ್ಲ. ನನಗೆ ಕೆಲಸ ದೊರೆಯಲಿಲ್ಲ. ಆದರೂ ಹೆಸರಿನ ಮನೆಯ ತೊಡಕನ್ನು ವಿವರಿಸಿ, ಅಡ್ಡಹೆಸರಿಲ್ಲದವರೂ ಈ ನಾಡಿನಲ್ಲಿ ಬಹಳವಿದ್ದಾರೆಂದು ಆ ಸಂಸ್ಥೆಗೆ ಒಂದು ಪತ್ರ ಬರೆದೆ. ಮೂರನೆಯ ದಿನವೇ ಉತ್ತರ ಬಂದಿತು: “ಪ್ರಿಯ ನಾಗಮಂಗಲ ಅವರೇ, ನಿಮ್ಮ ಅಮೂಲ್ಯ ಸಲಹೆಗೆ ವಂದನೆಗಳು.” ಗೆಳೆಯ ಈ ಸಲವೂ ನಕ್ಕ. ಆದರೆ ಮರುದಿನ ಕೆಲಸಕ್ಕೆ ಹೋದವನು ಅಲ್ಲಿಯವರಿಗೆ ಬಾಯಾರೆ ಹೇಳಿ ಬಂದ. ತಿಂಗಳೊಳಗೆ ಆ ಮನೆ ಬರಿದಿದ್ದರೂ ಅರ್ಜಿ ಮುಂದಕ್ಕೆ ಹೋಗುವಂತಾಯಿತು.